ನೀರು ನುಗ್ಗಿದ ಅಡುಗೆಮನೆ ಒಣಗಿಸುವ ಕೆಲಸ: 0ನೇ ಗಂಟೆಯಿಂದ 45ನೇ ದಿನದವರೆಗೆ

ಅಡುಗೆಮನೆಯ ಅಳತೆ 4 ಮೀಟರ್ × 3 ಮೀಟರ್. ಸಿಂಕ್ ಕೆಳಗಿನ ಕನೆಕ್ಷನ್ ಪೈಪ್ ರಾತ್ರಿ ಒಡೆದು ಬೆಳಗಿನ ತನಕ ಹರಿದಿದೆ. ನೆಲದ ಮೇಲೆ 1 ಸೆಂಟಿಮೀಟರ್ ನೀರು ನಿಂತಿದೆ. ಹೊರಗೋಡೆ ಇಟ್ಟಿಗೆಯದು, ಮೇಲೆ ಸಿಮೆಂಟ್ ಗಿಲಾವು. ಪಕ್ಕದ ಕೋಣೆಗೂ ಇದಕ್ಕೂ ನಡುವೆ ಇರುವುದು ಜಿಪ್ಸಮ್ ಬೋರ್ಡ್ ಗೋಡೆ, ಒಳಗೆ ಗ್ಲಾಸ್ ವೂಲ್ (ಶಾಖ, ಸದ್ದು ತಡೆಯುವ ಗಾಜಿನ ಎಳೆಗಳ ಹತ್ತಿ) ತುಂಬಿದೆ. ಅಡುಗೆಮನೆಗೆ ಟೈಲ್ಸ್, ಪಕ್ಕದ ಕೋಣೆಗೆ ಮರದ ಹಲಗೆಯ ನೆಲ. 1 ಸೆಂಟಿಮೀಟರ್ ಅಂದರೆ ಕೇಳಲು ಏನೂ ಅಲ್ಲ ಅನಿಸುತ್ತದೆ. 12 ಚದರ ಮೀಟರ್‌ಗೆ ಲೆಕ್ಕ ಹಾಕಿದರೆ 120 ಲೀಟರ್, 120 ಕೆ.ಜಿ. ತೂಕ.

0ನೇ ಗಂಟೆ

ಮೊದಲು ಕರೆಂಟು, ಆಮೇಲೆ ನಲ್ಲಿ. ಈ ಕ್ರಮ ತಪ್ಪಬಾರದು. ಮೀಟರ್ ಬೋರ್ಡ್ ಒಣಗಿದ ಜಾಗದಲ್ಲಿದ್ದುದರಿಂದ ಮೇನ್ ಸ್ವಿಚ್ ಆರಿಸಿಯೇ ನೀರಿಗೆ ಕಾಲಿಟ್ಟದ್ದು. ಬೋರ್ಡ್ ಮುಟ್ಟಲು ನೀರು ದಾಟಿಯೇ ಹೋಗಬೇಕು ಅನ್ನುವ ಮನೆಗಳಲ್ಲಿ ಒಳಗೆ ಹೋಗಲೇಬೇಡಿ, ವಿದ್ಯುತ್ ಇಲಾಖೆಯವರಿಗೆ ಹೇಳಿ ಹೊರಗಿನಿಂದಲೇ ಸಂಪರ್ಕ ಕಡಿಸಿ. ಆಮೇಲೆ ಟ್ಯಾಂಕಿನಿಂದ ಬರುವ ಮುಖ್ಯ ವಾಲ್ವ್, ಅದಾದ ಮೇಲೆ ಗ್ಯಾಸ್ ರೆಗ್ಯುಲೇಟರ್.

ಏನನ್ನೂ ಅಲುಗಿಸುವ ಮುಂಚೆ ಫೋಟೋ. ನಾಲ್ಕೂ ಮೂಲೆ, ಗೋಡೆಯ ಮೇಲಿನ ನೀರಿನ ಗೆರೆಗೆ ಟೇಪ್ ಹಿಡಿದು ಒಂದು, ಫ್ರಿಜ್ ಮತ್ತು ಮಿಕ್ಸರ್‌ಗಳ ಸೀರಿಯಲ್ ನಂಬರ್ ಕಾಣುವಂತೆ ಒಂದೊಂದು, ಒಡೆದ ಪೈಪಿನದೊಂದು. ಒಡೆದ ಪೈಪನ್ನು ಎಸೆಯಲಿಲ್ಲ, ಚೀಲದಲ್ಲಿ ಕಟ್ಟಿಟ್ಟಿದೆ. ವಿಮೆ ಇದ್ದವರಿಗೆ ಅದು ಬೇಕಾಗುತ್ತದೆ.

ಇದು ಕುಡಿಯುವ ನೀರಿನ ಪೈಪಿನಿಂದ ಬಂದದ್ದು, ಸ್ವಚ್ಛ ನೀರು. ವಾಷಿಂಗ್ ಮಷೀನಿನಿಂದ ಬಂದಿದ್ದರೆ ಕೊಳೆ ನೀರು ಎಂದೇ ಲೆಕ್ಕ. ಚರಂಡಿ ಉಕ್ಕಿ ಬಂದದ್ದೋ ಹೊಳೆ ನೀರೋ ಆಗಿದ್ದರೆ ಮುಂದೆ ಬರೆದಿರುವ ಅರ್ಧ ಕೆಲಸಕ್ಕೆ ಅರ್ಥವೇ ಇಲ್ಲ: ನೆನೆದ ಹಾಸಿಗೆ, ಸ್ಪಂಜು, ಕಾರ್ಪೆಟ್, ಜಿಪ್ಸಮ್ ಬೋರ್ಡ್ ಎಲ್ಲ ಹೊರಕ್ಕೆ. ಸ್ವಚ್ಛ ನೀರು ಕೂಡ ಎರಡು ದಿನ ನಿಂತರೆ ಸ್ವಚ್ಛವಾಗಿ ಉಳಿಯುವುದಿಲ್ಲ.

1ರಿಂದ 4ನೇ ಗಂಟೆ

ನೀರು ನೀರಾಗಿರುವಾಗಲೇ ಎತ್ತಿ ಹಾಕಬೇಕು. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಹೆಚ್ಚುಕಡಿಮೆ 0.67 ಯೂನಿಟ್ ವಿದ್ಯುತ್ತಿಗೆ ಸಮ. ಅದೇ ಲೀಟರನ್ನು ವೈಪರ್‌ನಿಂದ ತಳ್ಳಲು ಅರ್ಧ ನಿಮಿಷ ಸಾಕು. ಹಾಗಾಗಿ ಮೊದಲು ವೈಪರ್, ಆಮೇಲೆ ನೀರು ಹೀರುವ ವೆಟ್ ವ್ಯಾಕ್ಯೂಮ್, ಕೊನೆಗೆ ಒರಸು ಬಟ್ಟೆ. ಮನೆಯ ಸಾಧಾರಣ ವ್ಯಾಕ್ಯೂಮ್ ಕ್ಲೀನರನ್ನು ನೀರಿಗೆ ಹಿಡಿಯಬೇಡಿ, ಮೋಟಾರಿಗೆ ನೀರು ಹೋಗಿ ಶಾಕ್ ಹೊಡೆಯುತ್ತದೆ. ವೆಟ್ ವ್ಯಾಕ್ಯೂಮ್‌ಗೆ ಕರೆಂಟು ತಂದದ್ದು ಒಣಗಿದ ಬೇರೆ ಲೈನಿನಿಂದ, ಅದೂ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸುರಕ್ಷಾ ಸ್ವಿಚ್) ಇರುವ ಪಾಯಿಂಟಿನಿಂದ.

ಎರಡು ಗಂಟೆಗೆ ನೆಲ ಒರೆಸಿ ಮುಗಿದು ಟೈಲ್ಸ್ ಒಣಗಿದಂತೆ ಕಂಡಿತು. ಬಹುತೇಕ ಮನೆಗಳಲ್ಲಿ ಕೆಲಸ ನಿಲ್ಲುವುದು ಇಲ್ಲಿಯೇ. ಕಪಾಟುಗಳ ಬುಡದ ಅಡ್ಡಪಟ್ಟಿಯನ್ನು ಚಪ್ಪಟೆ ಉಳಿ ಹಾಕಿ ಎಳೆದಾಗ ಒಳಗೆ ಇನ್ನೂ ಬೆರಳು ಮುಳುಗುವಷ್ಟು ನೀರು, ಅದರ ಮೇಲೆ ತೇಲುತ್ತಿದ್ದ ಕಡಲೆಬೇಳೆ, ಟಾರ್ಚ್ ಬೆಳಕಿಗೆ ಹೊಳೆಯುವ ಕಪ್ಪು ಪದರ. ಬಕೆಟ್ ಲೆಕ್ಕದಲ್ಲಿ ಅಲ್ಲಿಂದಲೇ 9 ಲೀಟರ್ ಸಿಕ್ಕಿತು. ಈ ಪಟ್ಟಿಗಳನ್ನು ಇಡೀ ಕೆಲಸ ಮುಗಿಯುವ ತನಕ ಹಾಕಬಾರದು.

ಮರದ ಪೀಠೋಪಕರಣದ ಕಾಲುಗಳ ಕೆಳಗೆ ಪ್ಲಾಸ್ಟಿಕ್ ಮುಚ್ಚಳ ಕೊಟ್ಟೆವು. ಕೊಡದಿದ್ದರೆ ಮರದ ಬಣ್ಣವೂ ಮೊಳೆಯ ತುಕ್ಕೂ ನೆಲಕ್ಕೆ ಇಳಿದು, ತೊಳೆದರೂ ಹೋಗದ ಕಲೆಯಾಗುತ್ತದೆ. ಊದಿಕೊಂಡ ಡ್ರಾಯರ್‌ಗಳನ್ನು ಎಳೆದಾಡದೆ ಹಿಂಬದಿಯ ಹಲಗೆ ಬಿಚ್ಚಿ ತಳ್ಳಿದರೆ ಮುರಿಯದೆ ಬರುತ್ತವೆ.

ಕೆಳಗಿನ ಅರೆಯಲ್ಲಿದ್ದ ಪುಸ್ತಕಗಳ ಬಗ್ಗೆ: ಅಂಚು ಮಾತ್ರ ನೆಂದವು ಬಿಸಿಲು ತಾಗದ ಗಾಳಿಗೆ, ಬಿಸಣಿಗೆಯಂತೆ ತೆರೆದು ನಿಲ್ಲಿಸಿದ್ದು. ಪೂರ್ತಿ ನೆಂದವು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರ್‌ಗೆ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ, ಬಿಡುವಾದಾಗ ತೆಗೆದು ಒಣಗಿಸಬಹುದು. ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟಿ ಒಣಗಿದರೆ ಮತ್ತೆ ಬಿಡಿಸಲಾಗದು, ಆದ್ದರಿಂದ ಫ್ರೀಜರ್‌ನಲ್ಲಿ ಮೊದಲ ಜಾಗ ಅವಕ್ಕೆ.

ಮೊದಲ ಸಂಜೆ: ಕಿಟಕಿ ತೆಗೆಯುವುದೋ ಮುಚ್ಚುವುದೋ

ಈ ಪ್ರಶ್ನೆಗೆ ಶೇಕಡಾ ಲೆಕ್ಕ ನೋಡಿ ಉತ್ತರ ಹೇಳಿದರೆ ತಪ್ಪಾಗುತ್ತದೆ. ಒಳಗೆ 28 ಡಿಗ್ರಿ, ಆರ್ದ್ರತೆ ಶೇ. 84. ಹೊರಗೆ 23 ಡಿಗ್ರಿ, ಶೇ. 90. ಹೊರಗೇ ತೇವ ಹೆಚ್ಚು ಅಂತ ಕಿಟಕಿ ಮುಚ್ಚಬೇಕು ಅನಿಸುತ್ತದೆ. ಆದರೆ ಬಿಸಿ ಗಾಳಿ ಹೆಚ್ಚು ನೀರು ಹಿಡಿಯುತ್ತದೆ: 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು ಸುಮಾರು 27 ಗ್ರಾಂ, 23 ಡಿಗ್ರಿಯಲ್ಲಿ 20.6 ಗ್ರಾಂ. ಲೆಕ್ಕ ಹಾಕಿದರೆ ಒಳಗಿನ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು, ಹೊರಗಿನದರಲ್ಲಿ 18.5. ಆದ್ದರಿಂದ ಮೊದಲ ರಾತ್ರಿ ಎದುರುಬದುರು ಕಿಟಕಿ ತೆಗೆದು ಎರಡು ಫ್ಯಾನ್ ಹಚ್ಚಿದ್ದು ಸರಿಯೇ ಆಯಿತು.

ಫ್ಯಾನನ್ನು ಗೋಡೆಗೆ ನೇರವಾಗಿ ಹೊಡೆಯುವಂತೆ ಇಡಬಾರದು. ಗೋಡೆಯ ಉದ್ದಕ್ಕೂ ಗಾಳಿ ಸವರಿಕೊಂಡು ಹೋಗುವಂತೆ, ಸಣ್ಣ ಕೋನದಲ್ಲಿ, ನೆಲಕ್ಕೆ ಹತ್ತಿರವಾಗಿ ಇಡಬೇಕು. ಒದ್ದೆ ಮೈಗೆ ಅಂಟಿ ನಿಂತ ತೇವದ ಗಾಳಿಯನ್ನು ಸರಿಸುವುದಷ್ಟೇ ಅದರ ಕೆಲಸ.

2ನೇ ದಿನ

ಮರದ ಬಾಗಿಲು ಚೌಕಟ್ಟಿನ ಬುಡದಲ್ಲಿ ಪಿನ್ ಮೀಟರ್ (ಎರಡು ಸೂಜಿ ಚುಚ್ಚಿ ತೇವ ಅಳೆಯುವ ಉಪಕರಣ) ಶೇ. 27 ತೋರಿಸಿತು. ನೀರು ತಾಗದ ಕೋಣೆಯ ಚೌಕಟ್ಟಿನಲ್ಲಿ ಶೇ. 12. ನಮ್ಮ ಗುರಿ ಪುಸ್ತಕದ ಅಂಕಿ ಅಲ್ಲ, ಈ 12. ಯಾವ ಮನೆಯಲ್ಲಾದರೂ ಒಣ ಕೋಣೆಯ ಮರವನ್ನು ಮೊದಲು ಅಳೆದಿಟ್ಟುಕೊಳ್ಳಿ. ಮರ ಶೇ. 20ರ ಮೇಲೆ ಬಹಳ ದಿನ ಉಳಿದರೆ ಕೊಳೆಯಲು ದಾರಿ.

ಜಿಪ್ಸಮ್ ಗೋಡೆಯಲ್ಲಿ ನಿಂತ ನೀರು 1 ಸೆಂಟಿಮೀಟರ್, ತೇವ ಏರಿದ್ದು 22 ಸೆಂಟಿಮೀಟರ್. ಬತ್ತಿ ಎಣ್ಣೆ ಹೀರಿದಂತೆ ಬೋರ್ಡ್ ನೀರು ಹೀರುತ್ತದೆ. ತೇವದ ಗೆರೆಗಿಂತ ಸುಮಾರು 30 ಸೆಂಟಿಮೀಟರ್ ಮೇಲಕ್ಕೆ, ನೆಲದಿಂದ 50ಕ್ಕೆ ಮಟ್ಟದ ಗೆರೆ ಹಾಕಿ ಕತ್ತರಿಸಿ ತೆಗೆದದ್ದು. ಗರಗಸದ ಅಲಗನ್ನು ಬೋರ್ಡಿನ ದಪ್ಪಕ್ಕಷ್ಟೇ ಬಿಟ್ಟು ಟೇಪ್ ಸುತ್ತಿದ್ದರಿಂದ ಒಳಗಿನ ವೈರಿಗೆ ತಾಗಲಿಲ್ಲ. ಗ್ಲಾಸ್ ವೂಲ್ ಹಿಂಡಿದರೆ ಕೈಗೆ ನೀರು ಬಂತು. ಅದು ಒಣಗಿದರೂ ಕುಗ್ಗಿ ಕುಳಿತು ಕೆಲಸಕ್ಕೆ ಬಾರದು, ಎಸೆಯುವುದೇ ಸರಿ.

ಎಲೆಕ್ಟ್ರಿಷಿಯನ್ ಬಂದು ಅಡುಗೆಮನೆಯ ಲೈನುಗಳಿಗೆ 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಉಪಕರಣ) ಹಾಕಿದರು. ಎರಡು ಲೈನು ಸರಿ, ನೆಲದಡಿಯ ಪೈಪಿನಲ್ಲಿ ಹೋಗುವ ಮೂರನೆಯದು 0.3 ಮೆಗಾ ಓಮ್. ಕನಿಷ್ಠ 1 ಇರಬೇಕು. ಪಾಯಿಂಟುಗಳು ನೆಲದಿಂದ ಎತ್ತರದಲ್ಲಿವೆ, ಒದ್ದೆಯಾಗಿಲ್ಲ ಅಂದುಕೊಂಡು ಈ ಲೈನನ್ನು ಹಾಕಿಬಿಡುವುದು ಸುಲಭವಿತ್ತು. ಹಾಗೆ ಮಾಡದೆ ಅದರ ಎಂಸಿಬಿ (ಆ ಲೈನಿನ ಸುರಕ್ಷಾ ಸ್ವಿಚ್) ಆರಿಸಿ ಟೇಪ್ ಸುತ್ತಿ ದಿನಾಂಕ ಬರೆದಿದೆ.

3ನೇ ದಿನ

ಒಳಗೆ ಈಗ 30 ಡಿಗ್ರಿ, ಶೇ. 55. ಅಂದರೆ ಘನ ಮೀಟರ್‌ಗೆ ಸುಮಾರು 16.7 ಗ್ರಾಂ. ಹೊರಗಿನ ಗಾಳಿ ಈಗಲೂ 18.5. ಲೆಕ್ಕ ತಿರುಗಿಬಿದ್ದಿತು. ಕಿಟಕಿ, ಬಾಗಿಲು, ಚಿಮಣಿಯ ಕಿಂಡಿ ಎಲ್ಲ ಮುಚ್ಚಿ, ಗಾಳಿಯ ತೇವವನ್ನು ಹೀರಿ ತೊಟ್ಟಿಗೆ ಇಳಿಸುವ ಯಂತ್ರ, ಡೀಹ್ಯೂಮಿಡಿಫೈಯರ್ ಒಂದನ್ನೇ ನಂಬಿದ್ದು. ಕಿಟಕಿ ತೆರೆದಿಟ್ಟು ಡೀಹ್ಯೂಮಿಡಿಫೈಯರ್ ಓಡಿಸಿದರೆ ಊರ ಗಾಳಿಯನ್ನೆಲ್ಲ ಒಣಗಿಸುವ ಕೆಲಸ ಕೊಟ್ಟಂತೆ.

ಇಲ್ಲಿ ಒಂದು ಎಚ್ಚರ. ದಿನಕ್ಕೆ 20 ಲೀಟರ್ ಅಂತ ಡಬ್ಬಿಯ ಮೇಲೆ ಬರೆದಿರುವುದು ಹೆಚ್ಚಾಗಿ ಬಿಸಿ ಮತ್ತು ಬಹಳ ತೇವದ ಗಾಳಿಯಲ್ಲಿ ಅಳೆದದ್ದು. ಕೋಣೆ ಒಣಗುತ್ತಾ ಹೋದಂತೆ ಸಿಗುವ ನೀರು ಕಡಿಮೆಯಾಗುತ್ತದೆ, ಯಂತ್ರ ಕೆಟ್ಟಿತೆಂದು ತಿಳಿಯಬೇಡಿ. ತಣ್ಣಗಿನ ಕೋಣೆಯಲ್ಲಿ, 15 ಡಿಗ್ರಿಯ ಆಸುಪಾಸು, ಕಂಪ್ರೆಸರ್ ಯಂತ್ರದ ಸುರುಳಿಗೆ ಮಂಜು ಕಟ್ಟಿ ಕೆಲಸ ಕುಂಟುತ್ತದೆ. ಫಿಲ್ಟರ್ ಎರಡು ದಿನಕ್ಕೊಮ್ಮೆ ತೊಳೆದೆವು, ಜಿಪ್ಸಮ್ ಧೂಳು ಬೇಗ ಕಟ್ಟಿಕೊಳ್ಳುತ್ತದೆ.

4ನೇ ದಿನ: ಬೂಷ್ಟು

ಮುಗ್ಗಲು ವಾಸನೆ. ಹುಡುಕಿದರೆ ಗೋಡೆಗೆ ಸ್ಕ್ರೂ ಹಾಕಿ ಬಿಗಿದಿದ್ದ ಎತ್ತರದ ಕಪಾಟಿನ ಬೆನ್ನ ಹಲಗೆಯಲ್ಲಿ, ಅಂಗೈ ಅಗಲ, ಬೂದು ಹಸಿರು ಪುಡಿ. ಕಪಾಟನ್ನು ಮೊದಲ ದಿನವೇ ಗೋಡೆಯಿಂದ ಒಂದು ಗೇಣು ಸರಿಸಬೇಕಿತ್ತು, ಸ್ಕ್ರೂ ಬಿಚ್ಚುವ ಕೆಲಸ ನಾಳೆಗೆ ಅಂತ ಉಳಿದುಹೋಗಿತ್ತು. ಗಾಳಿ ಆಡದ ಒದ್ದೆಯಲ್ಲಿ ಬೂಷ್ಟು ಹುಟ್ಟಲು 24ರಿಂದ 48 ಗಂಟೆ ಸಾಕು.

ಕಂಡ ಕೂಡಲೇ ಫ್ಯಾನ್ ಬಂದ್. ಬೂಷ್ಟಿನ ಮೇಲೆ ಗಾಳಿ ಬಿಟ್ಟರೆ ಬೀಜಕಣ ಇಡೀ ಮನೆಗೆ ಹರಡುತ್ತದೆ. ಎನ್95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಹಲಗೆಗೆ ನೀರು ಚಿಮುಕಿಸಿ ಪುಡಿ ಹಾರದಂತೆ ಮಾಡಿ, ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ. ಮರದ ಪುಡಿ ಒತ್ತಿ ಮಾಡಿದ ಹಲಗೆ ಉಬ್ಬಿದ ಮೇಲೆ ಮತ್ತೆ ಹಳೇ ಆಕಾರಕ್ಕೆ ಬರುವುದಿಲ್ಲ, ಅದನ್ನು ಉಳಿಸಲು ಹೆಣಗಬೇಡಿ. ಹಿಂದಿನ ಟೈಲ್ಸ್ ಗೋಡೆಯನ್ನು ಮೊದಲು ಸಾಬೂನು ನೀರಿನಿಂದ ಉಜ್ಜಿ, ಆಮೇಲೆ ಲೀಟರ್ ನೀರಿಗೆ 60 ಮಿ.ಲೀ. ಬ್ಲೀಚ್ ದ್ರಾವಣ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದದ್ದು, ಕಿಟಕಿ ತೆಗೆದಿಟ್ಟುಕೊಂಡು. ಬ್ಲೀಚ್ ಜೊತೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಆಗಲಿ ಅಮೋನಿಯಾ ಆಗಲಿ ಸೇರಿದರೆ ವಿಷಗಾಳಿ ಹುಟ್ಟುತ್ತದೆ. ಗಿಲಾವು, ಮರ, ಬೋರ್ಡ್‌ಗಳ ಒಳಗೆ ಇಳಿದ ಬೂಷ್ಟಿಗೆ ಬ್ಲೀಚ್ ನಾಟುವುದಿಲ್ಲ, ಮೇಲಿನ ಬಣ್ಣ ಹೋಗಿ ವಾಸಿಯಾದಂತೆ ಕಾಣುತ್ತದೆ ಅಷ್ಟೇ.

10ನೇ ದಿನ

ಡೀಹ್ಯೂಮಿಡಿಫೈಯರ್ ತೊಟ್ಟಿಯ ಲೆಕ್ಕ, ಹಚ್ಚಿದ ಮೊದಲ ದಿನದಿಂದ ಲೀಟರ್‌ಗಳಲ್ಲಿ: 14, 11, 8, 6, 5, 4, 3, 3. ಒಟ್ಟು 54. ಇದರಲ್ಲಿ ಗಾಳಿಯಲ್ಲಿ ಇದ್ದದ್ದೂ ಸ್ವಲ್ಪ ಸೇರಿದೆ, ಆದರೂ ನೆಲ ಒರೆಸಿ ಮುಗಿಯಿತು ಅಂದ ಮೇಲೆ ಮನೆಯ ಒಳಮೈಯಲ್ಲಿ ಕುಳಿತಿದ್ದ ನೀರೇ ಹೆಚ್ಚು. ಚೌಕಟ್ಟು ಶೇ. 13ಕ್ಕೆ ಇಳಿದಿದೆ. ಮೂರನೆಯ ಲೈನಿನ ಮೆಗ್ಗರ್ ಅಳತೆ 5 ಮೆಗಾ ಓಮ್ ದಾಟಿತು, ಎಂಸಿಬಿಯ ಟೇಪ್ ಬಿಚ್ಚಿದೆ.

ಪಕ್ಕದ ಕೋಣೆಯ ಮರದ ಹಲಗೆಗಳು ದೋಣಿಯಂತೆ ಬಾಗಿವೆ, ಅಂಚು ಎದ್ದು ನಡು ತಗ್ಗಿದೆ. ಬೆರಳು ಅಡ್ಡ ಸವರಿದರೆ ಸಣ್ಣ ಸಣ್ಣ ದಿಣ್ಣೆ ಸಿಗುತ್ತವೆ. ಕೆಳಮೈ ಒದ್ದೆಯಾಗಿ ಹಿಗ್ಗಿದೆ, ಮೇಲ್ಮೈ ಒಣಗಿದೆ, ಅದರ ಗುರುತು ಇದು. ಈಗಲೇ ಉಜ್ಜಿ ಸಮ ಮಾಡಿಸಬೇಡಿ. ಎದ್ದ ಅಂಚನ್ನು ಈಗ ಕೆತ್ತಿಬಿಟ್ಟರೆ, ತಿಂಗಳುಗಳ ಮೇಲೆ ಹಲಗೆ ಒಣಗಿ ಚಪ್ಪಟೆಯಾಗುವಾಗ ಅಂಚು ತೆಳ್ಳಗಾಗಿ ನಡು ಉಬ್ಬಿ ನಿಲ್ಲುತ್ತದೆ. ಕಾಯುವುದೇ ಕೆಲಸ. ಮೀಟರ್ ಓದು ಒಣ ಕೋಣೆಯ ಹಲಗೆಗೆ ಸರಿಸಮ ಬಂದು ಎರಡು ವಾರ ಹಾಗೇ ನಿಂತ ಮೇಲೆ ನೋಡುವ ಮಾತು.

24ನೇ ದಿನ

ಜಿಪ್ಸಮ್ ಗೋಡೆಯ ಲೋಹದ ಕಂಬಗಳು, ತಳದ ಪಟ್ಟಿ ಒಣಗಿವೆ. ಹೊಸ ಬೋರ್ಡನ್ನು ನೆಲದಿಂದ 1 ಸೆಂಟಿಮೀಟರ್ ಮೇಲೆ ನಿಲ್ಲಿಸಿ ಕೂರಿಸಿದೆ, ಮುಂದೆ ಯಾವತ್ತಾದರೂ ನೆಲದಲ್ಲಿ ನೀರು ಹರಿದರೆ ಅಂಚು ಹೀರಬಾರದು.

ಇಟ್ಟಿಗೆ ಗೋಡೆಯ ಮೇಲೆ ಬಿಳಿ ಉಪ್ಪು ಹೂ ಬಿಟ್ಟಿದೆ. ಒಳ್ಳೆಯ ಲಕ್ಷಣ, ನೀರು ಹೊರಗೆ ಬರುತ್ತಿದೆ ಎಂದರ್ಥ. ಒಣ ಬ್ರಷ್‌ನಿಂದ ಉದುರಿಸಿ ಗುಡಿಸಬೇಕು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಈ ಉಪ್ಪಿನಿಂದಾಗಿಯೇ ಪಿನ್ ಮೀಟರ್ ಗಿಲಾವಿನಲ್ಲಿ ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ, ಅದರ ಅಂಕಿ ನಂಬಬೇಡಿ.

45ನೇ ದಿನ

ಗೋಡೆ ಒಣ ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ತಣ್ಣಗಿಲ್ಲ. 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬುಡದ ಹತ್ತಿರ ನಾಲ್ಕೂ ಕಡೆ ಟೇಪಿನಿಂದ ಮುಚ್ಚಿ ಅಂಟಿಸಿ 16 ಗಂಟೆ ಬಿಟ್ಟಿದ್ದೆವು. ತೆಗೆದಾಗ ಒಳಮೈಯಲ್ಲಿ ಸಾಸಿವೆಯಷ್ಟು ಹನಿಗಳು, ಹಾಳೆಯ ಕೆಳಗಿನ ಅರ್ಧದಲ್ಲಿ ಮಾತ್ರ. ಇಟ್ಟಿಗೆ ಗೋಡೆ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳ ಲೆಕ್ಕದಲ್ಲಿ ಒಣಗುತ್ತದೆ ಎನ್ನುವುದು ಈ ಕೆಲಸದವರ ಹಳೇ ಅಂದಾಜು, ಗೋಡೆ ಅದನ್ನೇ ಹೇಳುತ್ತಿದೆ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಗುಳ್ಳೆ ಎದ್ದು ಉದುರುತ್ತದೆ, ಆದ್ದರಿಂದ ಪೇಂಟರ್‌ಗೆ ಬೇಡ ಅಂದಿದೆ. ಕಪಾಟಿನ ಬುಡದ ಪಟ್ಟಿಗಳು ಇನ್ನೂ ಹೊರಗೇ ಇವೆ. ಮುಂದಿನ ಹಾಳೆ 75ನೇ ದಿನ, ಅದೇ ಜಾಗದಲ್ಲಿ, ಒಂದು ಅಡಿ ಮೇಲೆ ಇನ್ನೊಂದು.