ವಂಡರ್‌ಲಾಗೆ ಮನೆಮಂದಿಯೆಲ್ಲ ಹೊರಟರೆ: ಟಿಟಿ ಬಾಡಿಗೆ, 140 ಸೆಂಟಿಮೀಟರ್ ಗೆರೆ, ಬಿಡದಿ ತಟ್ಟೆ ಇಡ್ಲಿ

ದಾವಣಗೆರೆ ಕಡೆಯಿಂದ, ಬೆಂಗಳೂರು-ಮೈಸೂರು ರಸ್ತೆಯ ಬಿಡದಿ ಹತ್ತಿರ ಇರುವ ಆಟದ ಪಾರ್ಕು ವಂಡರ್‌ಲಾಗೆ ಇಪ್ಪತ್ತು ಚಿಲ್ಲರೆ ಜನ ಒಟ್ಟಿಗೆ ಹೊರಡುವವರು ಟಿಕೆಟ್ ದರ ನೋಡುವ ಮೊದಲು ಗಾಡಿಯ ಲೆಕ್ಕ ನೋಡಿಕೊಳ್ಳಿ. ದೊಡ್ಡ ಹೊಡೆತ ಬೀಳುವುದು ಅಲ್ಲೇ. ಟೆಂಪೊ ಟ್ರಾವೆಲರ್ (ಟಿಟಿ) ಬಾಡಿಗೆಯನ್ನು ಹೆಚ್ಚಿನವರು ಲೆಕ್ಕ ಹಾಕುವುದು 24 ಗಂಟೆಗಲ್ಲ, ತಾರೀಖಿಗೆ. ಶುಕ್ರವಾರ ರಾತ್ರಿ 10ಕ್ಕೆ ಹತ್ತಿ, ಶನಿವಾರವಿಡೀ ಪಾರ್ಕಿನಲ್ಲಿ ಕಳೆದು, ಭಾನುವಾರ ಬೆಳಗಿನ ಜಾವ ಮನೆ ಸೇರಿದರೆ ಅದು ಮೂರು ದಿನದ ಬಾಡಿಗೆ. ದಿನಕ್ಕೆ ಕನಿಷ್ಠ 300 ಕಿ.ಮೀ. ಎಂಬ ಕರಾರಿದ್ದರೆ 900 ಕಿ.ಮೀ.ಗೆ ದುಡ್ಡು ಕೊಡಬೇಕು. ಬೆಂಗಳೂರನ್ನು ಬಳಸಿ ಹೋಗುವ ನೈಸ್ ರಸ್ತೆ ಹಿಡಿದು ಹೋಗಿ ಬಂದರೂ ಗಾಡಿ ಓಡುವುದು 600ರ ಆಸುಪಾಸು ಮಾತ್ರ. ಶುಕ್ರವಾರದ ಆ ಎರಡು ಗಂಟೆಗೆ ಒಂದು ಪೂರ್ತಿ ದಿನದ ಬಾಡಿಗೆ, ಜೊತೆಗೆ ಚಾಲಕರ ಒಂದು ದಿನದ ಬಾಟಾ. ಬಾಡಿಗೆಗೆ ಕೊಡುವವರು ಇದನ್ನು ಮೊದಲು ಬಾಯಿಬಿಟ್ಟು ಹೇಳುವುದಿಲ್ಲ, ಬಿಲ್ಲಿನಲ್ಲಿ ಬರೆಯುತ್ತಾರೆ.

ಆದ್ದರಿಂದ ರಾತ್ರಿ 12 ದಾಟಿದ ಮೇಲೆ ಹೊರಡಿ. ಹನ್ನೆರಡೂವರೆಗೆ ಬಿಟ್ಟರೆ ಆರರ ಹೊತ್ತಿಗೆ ಬಿಡದಿ. ಮುಂಗಡ ಕೊಡುವಾಗಲೇ ನಾಲ್ಕು ವಿಷಯ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ: ದಿನದ ಕನಿಷ್ಠ ಕಿಲೋಮೀಟರ್ ಎಷ್ಟು, ಮೀಟರ್ ಎಣಿಕೆ ನಿಮ್ಮ ಮನೆ ಬಾಗಿಲಿಂದಲೋ ಅವರ ಶೆಡ್ಡಿನಿಂದಲೋ, ಟೋಲು ಮತ್ತು ಪಾರ್ಕಿಂಗ್ ಯಾರದ್ದು, ರಾತ್ರಿ ಓಡಿಸಿದರೆ ಬಾಟಾ ಬೇರೆಯೋ. ಶೆಡ್ಡು ಊರಾಚೆ ಹದಿನೈದು ಕಿ.ಮೀ. ದೂರವಿದ್ದರೆ ಹೋಗಿ ಬರುವ ಮೂವತ್ತೂ ನಿಮ್ಮ ತಲೆಗೇ ಬರುತ್ತದೆ. ಹತ್ತುವಾಗ ಮೀಟರಿನ ಫೋಟೊ ತೆಗೆದುಕೊಳ್ಳಿ. ಇಳಿದ ಮೇಲೆ ಇನ್ನೊಂದು.

ಇನ್ನೊಂದು ಮಾತು. ರಾತ್ರಿಯಿಡೀ ಗಾಡಿ ಓಡಿಸಿದ ಚಾಲಕ ಹಗಲು ಪಾರ್ಕಿಂಗಿನ ಬಿಸಿಲಲ್ಲಿ ಸೀಟಿನ ಮೇಲೆ ಮುದುಡಿ ಮಲಗಿ, ಅದೇ ರಾತ್ರಿ ಮತ್ತೆ ಐದೂವರೆ ಗಂಟೆ ಓಡಿಸುವುದು ಬೇಡವೇ ಬೇಡ. ಶನಿವಾರ ರಾತ್ರಿ ಎಂಟಕ್ಕೆ ಪಾರ್ಕು ಬಿಟ್ಟರೂ ಮನೆ ಸೇರುವಷ್ಟರಲ್ಲಿ ಭಾನುವಾರ ಆಗಿರುತ್ತದೆ, ಎರಡನೇ ದಿನದ ಬಾಡಿಗೆ ಹೇಗೂ ಕೊಡಲೇಬೇಕು. ಅದೇ ದುಡ್ಡಿಗೆ ಶನಿವಾರ ರಾತ್ರಿ ಅಲ್ಲೇ ಉಳಿದು ಭಾನುವಾರ ಹಗಲಲ್ಲಿ ವಾಪಸು ಬನ್ನಿ.

ಉಳಿಯುವ ಜಾಗಕ್ಕೆ ಬರೋಣ. ರಜೆಯಲ್ಲಿ ಮೈಸೂರು ರಸ್ತೆಯ ಲಾಡ್ಜು, ಹೋಮ್‌ಸ್ಟೇಗಳಲ್ಲಿ ತಲೆಗಿಷ್ಟು ಎಂದು ಎಣಿಸುತ್ತಾರೆ. ಮೂರು ವರ್ಷದ ಕೂಸೂ ಒಂದು ತಲೆ. ನೆಲದ ಮೇಲೆ ಹಾಸಿದ ತೆಳ್ಳನೆ ಹಾಸಿಗೆಗೂ ‘ಎಕ್ಸ್‌ಟ್ರಾ ಬೆಡ್’ ಎಂದು ದರ ಹಾಕುತ್ತಾರೆ. ಬಿಸಿನೀರು ಬೆಳಿಗ್ಗೆ ಒಂದೂವರೆ ಗಂಟೆ ಬಿಟ್ಟು ನಿಲ್ಲಿಸಿಬಿಟ್ಟರೆ ಇಪ್ಪತ್ತು ಜನಕ್ಕೆ ಅದು ಎಲ್ಲಿಂದ ಸಾಕು? ಇದಕ್ಕಿಂತ ಕಲ್ಯಾಣ ಮಂಟಪ ಎಷ್ಟೋ ವಾಸಿ. ಕ್ರಿಸ್ಮಸ್ ರಜೆ ಸರಿಯಾಗಿ ಧನುರ್ಮಾಸದಲ್ಲಿ ಬರುತ್ತದೆ, ಆಗ ಮದುವೆ ಮುಹೂರ್ತಗಳಿರುವುದಿಲ್ಲ, ಛತ್ರಗಳು ಖಾಲಿ. ಕೆಂಗೇರಿಯಿಂದ ರಾಮನಗರದವರೆಗೆ ವಿಚಾರಿಸಿದರೆ ಗಂಡಿನ ಕಡೆಯವರ ಎರಡು ರೂಮು, ಒಂದು ಹಾಲ್ ರಾತ್ರಿ ಮಟ್ಟಿಗೆ ಕೊಡುವವರು ಸಿಗುತ್ತಾರೆ. ಜಮಖಾನ, ಹೊದಿಕೆ ಮನೆಯಿಂದ ಒಯ್ಯಬೇಕು. ಬಚ್ಚಲುಗಳು ಸಾಲಾಗಿರುತ್ತವೆ, ಹಂಡೆ ಇರುತ್ತದೆ, ಹಿರಿಯರಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ, ಅದು ಮದುವೆಗಳ ಕಾಲ.

ರಜೆ ಬಿಟ್ಟು ಹೋಗಲು ಸಾಧ್ಯವಿದ್ದರೆ ಜೂನ್ ಕೊನೆ, ಜುಲೈನ ಮಂಗಳವಾರ-ಬುಧವಾರ ನೋಡಿ. ನವೆಂಬರಿನಿಂದ ಜನವರಿವರೆಗೆ ವಾರದ ದಿನ ಖಾಲಿ ಇರುತ್ತದೆ ಎಂದು ನಂಬಬೇಡಿ, ಆಗ ಶಾಲೆಗಳ ಪ್ರವಾಸದ ಬಸ್ಸುಗಳು ಸಾಲುಸಾಲಾಗಿ ನಿಂತಿರುತ್ತವೆ. ನನಗೆ ಕೇಳಿದರೆ ಕ್ರಿಸ್ಮಸ್‌ನಿಂದ ಹೊಸ ವರ್ಷದ ನಡುವಿನ ವಾರ ಎಪ್ಪತ್ತು ದಾಟಿದವರನ್ನು ಕರೆದೊಯ್ಯಲೇಬಾರದು. ಏಪ್ರಿಲ್-ಮೇನಲ್ಲಿ ಬೇರೆ ಸಂಕಟ: ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರುವಾದರೆ ಎತ್ತರದ ಆಟಗಳನ್ನೂ ನೀರಿನ ಆಟಗಳನ್ನೂ ನಿಲ್ಲಿಸುತ್ತಾರೆ. ದೊಡ್ಡ ಆಟಗಳನ್ನು ಬೆಳಿಗ್ಗೆಯೇ ಮುಗಿಸಿದವರು ಬಚಾವು.

ಈಗ ಟಿಕೆಟ್. ಮಕ್ಕಳ ಟಿಕೆಟ್ಟಿಗೆ ವಯಸ್ಸು ಲೆಕ್ಕಕ್ಕಿಲ್ಲ, ಎತ್ತರವೇ ಲೆಕ್ಕ. 85 ಸೆಂಟಿಮೀಟರಿಗಿಂತ ಕೆಳಗಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ದರ, ಅದಕ್ಕಿಂತ ಮೇಲೆ ದೊಡ್ಡವರ ದರ. ಹತ್ತು ವರ್ಷದ ಉದ್ದನೆಯ ಹುಡುಗಿಗೆ ಪೂರ್ತಿ ಟಿಕೆಟ್ ಬೀಳುತ್ತದೆ, ಹನ್ನೆರಡರ ಕುಳ್ಳ ಹುಡುಗನಿಗೆ ಮಕ್ಕಳ ದರ. ಬುಕ್ ಮಾಡುವ ಹಿಂದಿನ ದಿನ ಮಕ್ಕಳನ್ನೆಲ್ಲ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತಲೆ ಮೇಲೆ ಸ್ಕೇಲಿಟ್ಟು ಅಳೆಯಿರಿ. ತಪ್ಪು ಬುಕ್ ಮಾಡಿದರೆ ಗೇಟಿನಲ್ಲಿ ವ್ಯತ್ಯಾಸದ ಹಣ ಕಟ್ಟಲು ಒಬ್ಬರು ಕೌಂಟರಿನ ಸಾಲಿಗೆ ಹೋಗಬೇಕು, ಉಳಿದವರೆಲ್ಲ ಹೊರಗೆ ಕಾಯಬೇಕು. ಅರವತ್ತು ದಾಟಿದವರಿಗೆ ರಿಯಾಯಿತಿ ಇದೆ, ಆಧಾರ್ ಒರಿಜಿನಲ್ ಜೊತೆಗಿರಲಿ. ಆದರೆ ‘ಅಜ್ಜಿ ಏನೂ ಹತ್ತುವುದಿಲ್ಲ, ಸುಮ್ಮನೆ ಕೂತಿರ್ತಾರೆ’ ಎಂದರೂ ಟಿಕೆಟ್ ಬೇಕು. ಇಡೀ ಬಳಗದ ಟಿಕೆಟ್ಟನ್ನು ಒಂದೇ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಚಿಕ್ಕಪ್ಪನ ಮನೆಯವರು ಬೇರೆ ದಾರಿಯಲ್ಲಿ ಬರುವವರಿದ್ದರೆ ಅವರದ್ದು ಬೇರೆಯೇ ಬುಕ್ ಆಗಲಿ.

ಒಳಗೆ ಹೋದ ಮೇಲೂ ಆ 140ರ ಗೆರೆಯದ್ದೇ ರಾಜ್ಯ. ರಿಕಾಯಿಲ್, ಹರಿಕೇನ್, ಇಕ್ವಿನಾಕ್ಸ್ ತರಹದ ಜೋರು ಆಟಗಳಿಗೆ 140 ಸೆಂ.ಮೀ. ಆಗಿರಲೇಬೇಕು. ಮನೆಮನೆಯಾಗಿ, ಅಂದರೆ ದೊಡ್ಡಪ್ಪನ ಮನೆಯವರು ಒಂದು ಕಡೆ ಅತ್ತೆ ಮನೆಯವರು ಒಂದು ಕಡೆ ಎಂದು ಹೋದರೆ, ಪ್ರತಿ ಆಟದ ಬಾಗಿಲಲ್ಲೂ ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ. ಮುಕ್ಕಾಲು ಗಂಟೆ ಸಾಲು, ಎರಡು ನಿಮಿಷದ ಆಟ, ಹೊರಗೆ ಅಳುವ ಮಗು. ದೊಡ್ಡ ಬಳಗದ ದಿನ ಹಾಳಾಗುವುದು ಪಾರ್ಕಿನ ಸಾಲಿನಿಂದಲ್ಲ, ಒಬ್ಬರಿಗೊಬ್ಬರು ಕಾಯುವುದರಿಂದ. ಗೇಟು ದಾಟಿದ ಕೂಡಲೇ ಮೂರು ಗುಂಪಾಗಿ: ಒಂದು, 140 ದಾಟಿದ, ಧೈರ್ಯವಿರುವ ಹುಡುಗ ಹುಡುಗಿಯರು; ಎರಡು, ಚಿಕ್ಕ ಮಕ್ಕಳು, ಅವರ ಹಿಂದೆ ಓಡಬಲ್ಲ ಇಬ್ಬರು ಮೂವರು ದೊಡ್ಡವರು; ಮೂರು, ಹಿರಿಯರು, ಬಿ.ಪಿ. ಇರುವವರು, ಬಸುರಿಯರು. ಚಿಕ್ಕ ಮಕ್ಕಳ ಗುಂಪಿಗೆ ತಾಯಂದಿರನ್ನೇ ಕಟ್ಟಿಹಾಕಬೇಡಿ, ಅವರಿಗೂ ಆಟ ಆಡುವ ಆಸೆಯಿರುತ್ತದೆ. ಊಟದ ನಂತರ ಚಿಕ್ಕಪ್ಪ, ಸೋದರಮಾವಂದಿರು ಪಾಳಿ ವಹಿಸಿಕೊಳ್ಳಲಿ. ಉದ್ದ ಸಾಲು ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಬೇಕಾಗುವುದು ಮೊದಲನೇ ಗುಂಪಿಗೆ ಮಾತ್ರ. ಎಲ್ಲರಿಗೂ ಕೊಂಡರೆ ಮುಕ್ಕಾಲು ಪಾಲು ದುಡ್ಡು ದಂಡ.

ನೀರಿನ ಆಟಗಳು ಒಣ ಆಟಗಳಿಗಿಂತ ತಡವಾಗಿ ತೆರೆದು ಬೇಗ ಮುಚ್ಚುತ್ತವೆ. ಒದ್ದೆ ಬಟ್ಟೆಯಲ್ಲಿ ಒಣ ಆಟಗಳಿಗೆ ಹತ್ತಿಸುವುದಿಲ್ಲ. ಇವೆರಡನ್ನು ಸೇರಿಸಿ ಯೋಚಿಸಿದರೆ ದಿನದ ಕ್ರಮ ತಾನೇ ಹೊಳೆಯುತ್ತದೆ: ಬಾಗಿಲು ತೆರೆದ ಮೊದಲ ಒಂದೂಕಾಲು ಗಂಟೆ ಜೋರು ಆಟಗಳು, ಹನ್ನೆರಡೂಕಾಲಿಗೇ ಊಟ, ಆಮೇಲೆ ಸಂಜೆವರೆಗೆ ನೀರು, ಬಟ್ಟೆ ಬದಲಿಸಿ ಜೈಂಟ್ ವ್ಹೀಲಿನಂಥ ನಿಧಾನದ ಆಟಗಳು. ನೀರಿಗೆ ಇಳಿಯುವುದು ಒಮ್ಮೆ, ಏಳುವುದು ಒಮ್ಮೆ. ಮತ್ತೆ ಮತ್ತೆ ಬದಲಿಸಿದರೆ ಲಾಕರು, ಬಚ್ಚಲು, ತಲೆ ಒಣಗಿಸುವುದು ಎಂದು ಪ್ರತಿ ಸಲ ಒಂದು ಗಂಟೆ ಹೋಗುತ್ತದೆ. ಹೊಟ್ಟೆತುಂಬ ಉಂಡು ಗಿರಗಿರ ತಿರುಗುವ ಆಟ ಹತ್ತಿದರೆ ವಾಂತಿ ಖಚಿತ, ಅದಕ್ಕೇ ಆ ಆಟಗಳು ಬೆಳಿಗ್ಗೆಗೆ.

ಬಟ್ಟೆಯ ವಿಷಯಕ್ಕೆ ಹೆಣ್ಣುಮಕ್ಕಳನ್ನು ಗೇಟಿನ ಹತ್ತಿರ ಮುಜುಗರಕ್ಕೆ ಸಿಕ್ಕಿಸಬೇಡಿ, ಮನೆಯಲ್ಲೇ ಮಾತಾಡಿ ತೀರ್ಮಾನಿಸಿ. ನೀರಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ: ಸೀರೆ, ಕಾಟನ್ ಚೂಡಿದಾರ, ಜೀನ್ಸ್, ಬನಿಯನ್, ಲುಂಗಿ, ನೈಟಿ ಯಾವುದೂ ಬೇಡ. ಹತ್ತಿಯ ಎಳೆ ಬಿಟ್ಟು ನೀರು ಶೋಧಿಸುವ ಫಿಲ್ಟರು ಕಟ್ಟುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಭಾರವಾಗಿ ಜಾರುಬಂಡೆಯಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಲೋಹದ ಜಿಪ್ಪು, ಗುಂಡಿ ಜಾರುಬಂಡೆಯ ಮೈ ಗೀರುತ್ತವೆ. ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ದುಬಾರಿ ಈಜುಡುಗೆಯೇ ಆಗಬೇಕೆಂದಿಲ್ಲ. ಊರಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕಬಡ್ಡಿ ತಂಡದವರು ಕೊಳ್ಳುವ ಪಾಲಿಯೆಸ್ಟರ್ ಟಿ-ಶರ್ಟು, ಜಿಪ್ಪಿಲ್ಲದ ಟ್ರ್ಯಾಕ್ ಪ್ಯಾಂಟು ಸಾಕು. ಮೈತುಂಬ ಬಟ್ಟೆ ಬೇಕೆನ್ನುವ ಅತ್ತಿಗೆಯಂದಿರಿಗೆ ತುಂಬುತೋಳಿನದೇ ಸಿಗುತ್ತದೆ. ಎಲ್ಲರಿಗೂ ಒಂದೇ ಗಿಳಿಹಸಿರು ಬಣ್ಣ ತಂದರೆ ಅಲೆಗಳ ಕೊಳದ ಸಾವಿರ ತಲೆಗಳ ನಡುವೆ ನಿಮ್ಮ ಮಗು ಬೇಗ ಕಣ್ಣಿಗೆ ಬೀಳುತ್ತದೆ.

ಚಿನ್ನ ಮನೆಯಲ್ಲಿರಲಿ. ಅಲೆ ಬಡಿದಾಗ ಸರದ ಕೊಂಡಿ ಬಿಚ್ಚಿದರೆ ಆ ನೀರಿನಲ್ಲಿ ಹುಡುಕುವುದು ಆಗದ ಮಾತು. ತಾಳಿ ತೆಗೆಯಲು ಮನಸ್ಸಿಲ್ಲದವರು ಆ ದಿನದ ಮಟ್ಟಿಗೆ ಅರಿಶಿನದ ದಾರಕ್ಕೆ ಪೋಣಿಸಿಕೊಂಡು ಬಟ್ಟೆಯೊಳಗೆ ಹಾಕಿಕೊಳ್ಳಲಿ. ಕನ್ನಡಕಕ್ಕೆ ಹಿಂದಿನಿಂದ ಪಟ್ಟಿ, ಕಿವಿ ಯಂತ್ರ ಲಾಕರಿಗೆ. ಮೊಬೈಲುಗಳೂ ಲಾಕರಿನಲ್ಲಿರುವುದರಿಂದ ‘ಫೋನ್ ಮಾಡ್ತೀನಿ’ ಎಂಬ ಮಾತು ನಡೆಯುವುದಿಲ್ಲ. ಎರಡೂವರೆಗೆ ಇಂಥ ಅಂಗಡಿ ಮುಂದೆ, ಐದಕ್ಕೆ ಲಾಕರಿನ ಮುಂದೆ ಎಂದು ಜಾಗ ತೋರಿಸಿಯೇ ಹೇಳಿ. ಮಕ್ಕಳ ಕೈಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಂಬರು ಅರ್ಧ ಗಂಟೆ ಉಳಿಯುವುದಿಲ್ಲ, ಮಾರ್ಕರಿನಲ್ಲಿ ಬರೆಯಿರಿ. ಹಿರಿಯರ ಗುಂಪಿನ ಹತ್ತಿರ ಒಂದು ಮೊಬೈಲು ಯಾವಾಗಲೂ ಹೊರಗಿರಲಿ.

ನೀರಿನಿಂದ ಏಳುವ ಸಮಯವೂ ಮುಖ್ಯ. ಮುಚ್ಚುವ ಸೀಟಿ ಊದಿದ ಮೇಲೆ ಎದ್ದರೆ ಹೆಂಗಸರ ಬಚ್ಚಲ ಮುಂದೆ ನಡುಗುತ್ತ ನಿಲ್ಲಬೇಕು, ಮಕ್ಕಳಿಗೆ ನೆಗಡಿ. ಮುಕ್ಕಾಲು ಗಂಟೆ ಮೊದಲೇ ಏಳಿ. ಲಾಕರಿನ ಠೇವಣಿ ವಾಪಸು ಪಡೆಯುವುದನ್ನೂ ಆಗಲೇ ಮುಗಿಸಿ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಹಸುಗೂಸಿನ ಆಹಾರ, ಮಾತ್ರೆ ಮಾತ್ರ ಒಯ್ಯಬಹುದು. ಹಾಗಾಗಿ ಬೆಳಗಿನ ತಿಂಡಿ ಗಟ್ಟಿಯಾಗಿರಬೇಕು, ಅದಕ್ಕೆ ಬಿಡದಿಯ ತಟ್ಟೆ ಇಡ್ಲಿಯನ್ನು ಮೀರಿದ್ದು ಇಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದವರಿಗೆ ಇದು ಸಿಗುವುದಿಲ್ಲ. 2023ರಲ್ಲಿ ಅದು ಶುರುವಾದ ಮೇಲೆ ಗಾಡಿಗಳು ಊರ ಪಕ್ಕದಿಂದಲೇ ಹಾರಿಹೋಗುತ್ತವೆ, ಹಳೇ ರಸ್ತೆಯ ಹೋಟೆಲುಗಳಿಗೆ ಅದು ಹೊಡೆತ. ಕುಂಬಳಗೋಡು ದಾಟುವಾಗ ಚಾಲಕರಿಗೆ ನೆನಪಿಸಿ: ಸರ್ವಿಸ್ ರಸ್ತೆಯಲ್ಲೇ ಇರಬೇಕು. ಮುಖ್ಯ ದಾರಿಗೆ ಏರಿಬಿಟ್ಟರೆ ಪಾರ್ಕಿನ ತಿರುವೂ ತಪ್ಪುತ್ತದೆ, ತಿರುಗಿ ಬರಲು ದೂರ ಹೋಗಬೇಕು, ಟೋಲು ಬೇರೆ. ಪಾರ್ಕಿನ ತಿರುವು ಮೊದಲು ಸಿಗುತ್ತದೆ, ಅದನ್ನು ಬಿಟ್ಟು ಇನ್ನೂ ಕೆಲವು ಕಿ.ಮೀ. ಮುಂದೆ ಹೋದರೆ ಬಿಡದಿ ಪೇಟೆ.

ಬೋರ್ಡು ನೋಡಿ ಹೋಟೆಲು ಆರಿಸಬೇಡಿ, ಹಬೆ ನೋಡಿ ಆರಿಸಿ. ಸಣ್ಣ ಹೋಟೆಲಿನ ಬಾಗಿಲಲ್ಲೇ ಹಿತ್ತಾಳೆಯದೋ ಸ್ಟೀಲಿನದೋ ಎತ್ತರದ ಪಾತ್ರೆ, ಒಳಗೆ ಒಂದರ ಮೇಲೊಂದು ತಟ್ಟೆಗಳ ಸ್ಟ್ಯಾಂಡು. ಮುಚ್ಚಳ ತೆಗೆದಾಗ ಬೆರಳು ತಣ್ಣೀರಿಗೆ ಅದ್ದಿ ತಟ್ಟೆಯ ಅಂಚು ಬಿಡಿಸಿ ಬಾಳೆಲೆ ಚೂರಿನ ಮೇಲೆ ಮಗುಚಿ ಹಾಕುತ್ತಾರೆ. ಅಂಗೈಗಿಂತ ಅಗಲ, ಒತ್ತಿದರೆ ಮತ್ತೆ ಉಬ್ಬುವಷ್ಟು ಮೆತ್ತಗೆ. ಮೇಲೆ ಬೆಣ್ಣೆ ಕರಗುತ್ತ ಅಂಚಿಗೆ ಇಳಿಯುವಷ್ಟರಲ್ಲಿ ಕಾಯಿಚಟ್ನಿ ಬರುತ್ತದೆ. ದೊಡ್ಡವರಿಗೆ ಎರಡು, ಮಕ್ಕಳಿಗೆ ಒಂದು ಸಾಕು, ಒಂದು ಉದ್ದಿನ ವಡೆ ಹಂಚಿಕೊಳ್ಳಬಹುದು. ಗಾಡಿಯಿಂದ ಇಳಿದ ಕೂಡಲೇ ಒಬ್ಬರು ಓಡಿಹೋಗಿ ‘ಅಣ್ಣಾ, ನಲವತ್ತು ಇಡ್ಲಿ ಬೇಕು’ ಎಂದು ಹೇಳಿಬಿಡಿ. ಒಂದು ಸ್ಟ್ಯಾಂಡು ಬೇಯಲು ಕಾಲು ಗಂಟೆ ಬೇಕು, ಮೊದಲೇ ಹೇಳದಿದ್ದರೆ ಕೊನೆಯವರು ಮುಕ್ಕಾಲು ಗಂಟೆ ಕಾಯುತ್ತಾರೆ. ಪಾರ್ಕು ತೆರೆಯುವುದು ಹನ್ನೊಂದರ ಹೊತ್ತಿಗೆ, ಅವಸರವಿಲ್ಲ. ಇಡೀ ಬಳಗ ನೆಮ್ಮದಿಯಾಗಿ ಹೊಟ್ಟೆತುಂಬ ತಿಂದರೂ ಬಿಲ್ಲು ನೋಡಿ ಯಾರೂ ಹುಬ್ಬು ಏರಿಸುವುದಿಲ್ಲ. ಚಾಲಕರಿಗೂ ನಿಮ್ಮ ಜೊತೆಯೇ ಎಲೆ ಹಾಕಿಸಿ.

ರಾತ್ರಿಗೆ ಗಾಡಿಯಲ್ಲಿ ಬುತ್ತಿ ಇರಲಿ, ಆದರೆ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಕಾಯಿ ಹಾಕಿದ್ದು ಮಧ್ಯಾಹ್ನಕ್ಕೇ ಹಳಸುತ್ತದೆ. ಪುಳಿಯೋಗರೆ, ಚಪಾತಿ, ಶೇಂಗಾ ಚಟ್ನಿಪುಡಿ ಉಳಿಯುತ್ತವೆ. ಮೊಸರನ್ನವೇ ಬೇಕೆಂದರೆ ಬಿಸಿ ಅನ್ನಕ್ಕೆ ಹಾಲು ಹೆಚ್ಚು ಹಾಕಿ ಕಲಸಿ, ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿ ಮುಚ್ಚಿ, ನೆರಳಲ್ಲಿ ಸೀಟಿನ ಕೆಳಗಿಡಿ. ಸಂಜೆಗೆ ಹದವಾಗಿ ಹೆಪ್ಪಾಗಿರುತ್ತದೆ.

ಬೆಂಗಳೂರಿನ ನೆಂಟರು ಸ್ವಂತ ಕಾರು ತರುವ ಬದಲು ನೇರಳೆ ಮಾರ್ಗದ ಮೆಟ್ರೋದಲ್ಲಿ ಚಲ್ಲಘಟ್ಟದವರೆಗೆ ಬಂದರೆ ಟಿಟಿ ಅವರನ್ನು ಅಲ್ಲಿಂದ ಹತ್ತಿಸಿಕೊಳ್ಳಬಹುದು. ಸೀಟು ಲೆಕ್ಕ ಮೊದಲೇ ನೋಡಿ, ಹದಿನೇಳು ಸೀಟಿನ ಗಾಡಿಗೆ ಇಪ್ಪತ್ತನಾಲ್ಕು ಜನ ತುಂಬಲು ಚಾಲಕರನ್ನು ಒತ್ತಾಯಿಸಬೇಡಿ. ಸಂಜೆ ಈ ನೆಂಟರು ಬೆಂಗಳೂರಿಗೆ ವಾಪಸಾಗುವಾಗ, ಪಾರ್ಕು ಮುಚ್ಚುವ ಅರ್ಧ ಗಂಟೆ ಮುಂಚೆ ಹೊರಬಿದ್ದವರಿಗೆ ಬಸ್ಸಿನಲ್ಲಿ ಸೀಟಾದರೂ ಸಿಗುತ್ತದೆ. ಆಮೇಲೆ ಬಂದವರು ಆಟೊದವರು ಹೇಳಿದಷ್ಟು ಕೊಡಬೇಕು. ಒದ್ದೆ ಬಟ್ಟೆಗೆ ಗೊಬ್ಬರದ ಚೀಲದಂಥ ಗಟ್ಟಿ ಪ್ಲಾಸ್ಟಿಕ್ ಚೀಲ ಎರಡು ಒಯ್ಯಿರಿ. ಬಟ್ಟೆ ಹಿಂಡಿ ತುಂಬಿ, ಹಿಂದಿನ ಡಿಕ್ಕಿಯಲ್ಲಿಡಿ. ಸೀಟು ಒದ್ದೆಯಾದರೆ ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಸೇರುತ್ತದೆ.