ಕಾಡಂಚಿನ ಶಾಲೆಯ ಪರಿಸರ ಪಾಠ: ಮುಂಗಾರಿನಿಂದ ಸುಗ್ಗಿಯವರೆಗೆ

ಬಂಡೀಪುರದ ಅಂಚಿನ ಊರೊಂದರ ಸರ್ಕಾರಿ ಶಾಲೆಯಲ್ಲಿ ನಾವು ಕೆಲವು ಸ್ವಯಂಸೇವಕರು ಶನಿವಾರಗಳಂದು ಬಯಲು ಪಾಠ ನಡೆಸುತ್ತಿದ್ದೇವೆ. ಇಲ್ಲಿನ ಮಕ್ಕಳು ಆನೆಯನ್ನು ಮೊದಲು ಅರಿಯುವುದೇ ರಾತ್ರಿಯಿಡೀ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಬೆಳೆ ಕಾಯುವ ಅಪ್ಪನಿಂದ. ಅವರೆದುರು ‘ಆನೆಯನ್ನು ಪ್ರೀತಿಸಿ’ ಎಂದು ಉಪದೇಶ ಮಾಡುವುದು ಅನ್ಯಾಯ. ಹಾಗಾಗಿ ಅವರ ಹೊಲದ ಬದುವೇ ನಮ್ಮ ತರಗತಿ.

ಜುಲೈ: ಹಸಿ ಮಣ್ಣಿನಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಆನೆಯ ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ತುಸು ಉದ್ದ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆ ಆನೆಯ ಭುಜದ ಎತ್ತರ, ಹೆಚ್ಚುಕಡಿಮೆ. ದಾರ ಸುತ್ತಿ ಅಳೆದರೆ ನಾಲ್ಕೂವರೆ ಅಡಿ ಬಂತು. ಏಳನೇ ತರಗತಿಯ ಹುಡುಗಿಯೊಬ್ಬಳು ಬೆಂಚು ಹತ್ತಿ ಶಾಲೆಯ ಗೋಡೆಯ ಮೇಲೆ ಒಂಬತ್ತು ಅಡಿಗೆ ಸೀಮೆಸುಣ್ಣದ ಗೆರೆ ಎಳೆದಳು. “ಹೆಣ್ಣಾನೆ ಇಷ್ಟೆತ್ತರ ಬರುವುದಿಲ್ಲ ಸರ್, ಇದು ನಮ್ಮ ತಾತ ಹೇಳುವ ಸಲಗವೇ” ಎಂದಳು. ಗುಣಾಕಾರದ ಲೆಕ್ಕ ಅಷ್ಟು ಆಸೆಯಿಂದ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ನಿಯಮಗಳು ಬದಲಾಗಿಲ್ಲ: ಬಿಸಿಲೇರಿದ ಮೇಲೆಯೇ ಹೊರಡುವುದು, ಅರಣ್ಯ ಕಾವಲುಗಾರರು ಮುಂದೆ ಇರುವುದು, ಆನೆ ತಡೆಯಲು ಕಾಡಂಚಿನಲ್ಲಿ ತೋಡಿದ ಕಂದಕ ದಾಟದಿರುವುದು. ಬಿಸಿ ಆರದ ಲದ್ದಿ ಕಂಡರೆ ಮರುಮಾತಿಲ್ಲದೆ ಹಿಂದಿರುಗುವುದು.

ಡಿಸೆಂಬರ್: ಒಣಗಿದ ಲದ್ದಿಯನ್ನು ತೆಂಗಿನ ಚಿಪ್ಪುಗಳಲ್ಲಿ ತುಂಬಿ ನೀರು ಹಾಕಿದೆವು. ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. ನಾರು, ಬೀಜ ಹಾಗೆಯೇ ಹೊರಬರುತ್ತವೆ. ಒಂದು ಚಿಪ್ಪಿನಲ್ಲಿ ಹುಣಸೆಯ ಮೊಳಕೆ ದಪ್ಪ ಎಲೆ ಬಿಚ್ಚಿತು. ಪಕ್ಕದ ಚಿಪ್ಪಿನಲ್ಲಿ ಎಳೆ ರಾಗಿಯ ಪೈರು! “ಇದು ಯಾರ ಹೊಲದ್ದು?” ಎಂದು ಹುಡುಗರು ಪರಸ್ಪರ ಮುಖ ನೋಡಿಕೊಂಡರು. ಕಾಡಿಗೆ ಬೀಜ ಬಿತ್ತುವುದೂ ನಮ್ಮ ತುತ್ತು ಕಸಿಯುವುದೂ ಒಂದೇ ಪ್ರಾಣಿ ಎಂಬುದನ್ನು ಬಚ್ಚಿಡದೆ ಮಾತನಾಡಿದೆವು. ಆನೆ ಬಾಯಿಡದ ಅರಿಶಿನವನ್ನು ಅಂಚಿಗೆ ಹಾಕಬಹುದಲ್ಲವೇ ಎಂದು ಒಬ್ಬ ಕೇಳಿದ; ಅದರ ಖರ್ಚು, ನೀರು, ಬೆಲೆಯ ಬಗ್ಗೆ ಮನೆಯಲ್ಲಿ ವಿಚಾರಿಸಿ ಬರೆದು ತರುತ್ತಿದ್ದಾನೆ.

ಹಿರಿಯ ಮಕ್ಕಳಿಗೆ ಬೆಳೆಹಾನಿ ಪರಿಹಾರದ ಅರ್ಜಿ ತುಂಬುವುದನ್ನೂ ಕಲಿಸಿದೆವು. ಇದೂ ಪರಿಸರ ಪಾಠವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮುಂದಿನದು ಬೆಂಕಿಯ ಕಾಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಊರಿನವರಿಗೆ ಚೆನ್ನಾಗಿ ನೆನಪಿದೆ. ಬೆಂಕಿ ಹರಡದಂತೆ ಒಣಹುಲ್ಲು, ಪೊದೆ ತೆರವು ಮಾಡಿದ ಪಟ್ಟಿಯನ್ನು, ಅಂದರೆ ಬೆಂಕಿ ರೇಖೆಯನ್ನು, ಹೇಗೆ ಮಾಡುತ್ತಾರೆ, ಒಣಗಿದ ಲಂಟಾನ ಪೊದೆಗೆ ಕಿಡಿ ಹೇಗೆ ಹತ್ತುತ್ತದೆ ಎಂಬುದನ್ನು ಜನವರಿಯಲ್ಲಿ ಕಾವಲುಗಾರರೇ ತೋರಿಸಲು ಒಪ್ಪಿದ್ದಾರೆ.