ಚೈನಿಗೆ ಯಾವ ಎಣ್ಣೆ? ನೀರ್ಚಾಲು–ಕುಂಬಳೆ ದಾರಿಯ ಆರು ತಿಂಗಳ ಲೆಕ್ಕ

ಫೆಬ್ರವರಿ 23, 2025

ಸೈಕಲ್ಲಿನ ಹಳೆ ಚೈನು ಬಿಚ್ಚಿ ಅಂಗಳದಲ್ಲಿ ಗೋಣಿಯ ಮೇಲೆ ಮಲಗಿಸಿದೆ, ಪಕ್ಕದಲ್ಲಿ ಸ್ಟೀಲ್ ಸ್ಕೇಲು ಇಟ್ಟೆ. ಹೊಸ ಚೈನಾದರೆ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. ನನ್ನದು 308 ತೋರಿಸಿತು. ಶೇಕಡಾ 1ಕ್ಕಿಂತ ಜಾಸ್ತಿ. ಎಂಟು ಗೇರಿನ ಚೈನನ್ನು ಶೇಕಡಾ 0.75 ಆಗುವಾಗಲೇ ಬದಲಾಯಿಸಬೇಕಿತ್ತು. ತಡ ಮಾಡಿದ್ದಕ್ಕೆ ಹಿಂದಿನ ಹಲ್ಲುಚಕ್ರವೂ ಹೋಯಿತು. ಹೊಸ ಚೈನು ಹಾಕಿ ನೋಡಿದರೆ ಏರಿನಲ್ಲಿ ಟಕ್ ಟಕ್ ಅಂತ ಹಾರುತ್ತಿತ್ತು. ಎರಡಕ್ಕೂ ದುಡ್ಡು ಕೊಟ್ಟೆ.

ಚೈನು ಎಳೆದು ಉದ್ದ ಆಗುವುದಲ್ಲ. ಒಳಗೆ ಪಿನ್ನು ಸವೆಯುತ್ತದೆ, ಪಿನ್ನು ಕೂತ ಜಾಗವೂ ಸವೆಯುತ್ತದೆ. ಪ್ರತಿ ಕೊಂಡಿಯಲ್ಲಿ ಕೂದಲೆಳೆಯಷ್ಟು ಸಡಿಲ ಸೇರಿ ಸೇರಿ ಅಷ್ಟಾಗುತ್ತದೆ. ಎಣ್ಣೆ ಬೇಕಾದ್ದು ಅಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ. ನಾನು ಎರಡು ವರ್ಷ ಮಾಡಿದ್ದೇನು? ಬೈಕಿನ ಎಂಜಿನ್ ಆಯಿಲನ್ನು ಹೊರಗಿನಿಂದ ಸುರಿದದ್ದು. ಅದಕ್ಕೆ ನಮ್ಮ ಮುರಕಲ್ಲಿನ ಕೆಂಪು ಧೂಳು ಹಿಡಿದು, ಚೈನು ಅರೆಯುವ ಪೇಸ್ಟು ತಯಾರಾಯಿತು ಅಷ್ಟೇ.

ಹೊಸ ಚೈನಿಗೆ ಇವತ್ತಿನಿಂದ ಲೆಕ್ಕ ಇಡುತ್ತೇನೆ. ಕಾಸರಗೋಡು ಜಿಲ್ಲೆಯ ನಮ್ಮ ನೀರ್ಚಾಲಿನಿಂದ ಸೀತಾಂಗೋಳಿ ದಾಟಿ ಕುಂಬಳೆಗೆ, ಹೋಗಿ ಬರುವಾಗ 25 ಕಿಲೋಮೀಟರ್ ಹತ್ತಿರ. ವಾರಕ್ಕೆ ಆರು ದಿನ.

ಮಾರ್ಚ್ 2

ಬೇಸಿಗೆಗೆ ಮೇಣ ಅಂತ ತೀರ್ಮಾನಿಸಿದೆ. ಬಾಟಲಿಯಲ್ಲಿ ಬರುವ ಡ್ರೈ ಲೂಬ್ ಕೂಡ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಹಾರಿಹೋಗುವ ದ್ರವದಲ್ಲಿ ಮೇಣವೋ ಅಂಥದ್ದೇ ಪುಡಿಯೋ ಬೆರೆಸಿರುತ್ತಾರೆ. ಹಿಂದಿನ ರಾತ್ರಿಯೇ ಹಾಕಿ ಒಣಗಲು ಬಿಡಬೇಕು. ಆದರೆ ಕರಗಿಸಿದ ಮೇಣದಲ್ಲಿ ಚೈನನ್ನೇ ಮುಳುಗಿಸಿದರೆ ಒಳಗಿನವರೆಗೆ ಇಳಿಯುತ್ತದೆ.

ಕಷ್ಟ ಇದ್ದದ್ದು ತೊಳೆಯುವುದರಲ್ಲಿ. ಹೊಸ ಚೈನಿಗೆ ಕಂಪನಿಯವರು ಹಚ್ಚಿದ ಗ್ರೀಸು ಪೂರ್ತಿ ಹೋಗದಿದ್ದರೆ ಮೇಣ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಚೈನು ಇಳಿಸಿ, ಚಿಮಿಣಿ ಎಣ್ಣೆ ಹಾಕಿ ಕುಲುಕಿದೆ. ಮೊದಲ ಸಲ ಕಾಫಿ ಕಷಾಯದ ಬಣ್ಣ, ಎರಡನೇ ಸಲ ಚಹಾ, ಮೂರನೇ ಸಲ ತಿಳಿ. ಕೊನೆಗೆ ಪೇಂಟಿನಂಗಡಿಯ ಥಿನ್ನರಿನಲ್ಲಿ ಒಂದು ಸುತ್ತು. ಎಲ್ಲ ಅಂಗಳದಲ್ಲೇ, ಒಲೆಯಿಂದ ದೂರ. ಒಣಗಿದ ಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು.

ಅರ್ಧ ಕಿಲೋ ಪ್ಯಾರಾಫಿನ್ ಮೇಣವನ್ನು ಹಳೆ ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಅದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿದೆ. ನೇರವಾಗಿ ಬೆಂಕಿಗೆ ಇಡಬಾರದು, ಹೊತ್ತಿಕೊಳ್ಳಬಹುದು. ಚೈನು ಮುಳುಗಿಸಿದ ಕೂಡಲೇ ಸಣ್ಣ ಗುಳ್ಳೆಗಳು ಬರತೊಡಗಿದವು. ಅದು ರೋಲರಿನ, ಅಂದರೆ ಪಿನ್ನಿನ ಸುತ್ತ ತಿರುಗುವ ಸಣ್ಣ ಉರುಳೆಯ, ಒಳಗಿನ ಗಾಳಿ. ತಂತಿಯಿಂದ ಕಲಕುತ್ತಾ ಹತ್ತು ನಿಮಿಷ ಕಾದೆ, ಗುಳ್ಳೆ ನಿಂತಿತು. ಬೆಂಕಿ ಆರಿಸಿ ಸ್ವಲ್ಪ ತಣಿಯಲು ಬಿಟ್ಟು ತೆಗೆದೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ತೂಗುಹಾಕಿದೆ. ಅರ್ಧ ಗಂಟೆಯಲ್ಲಿ ಚೈನು ಕೋಲಿನ ಹಾಗೆ ಸೆಟೆದು ನಿಂತಿತು!

ಪಕ್ಕದ ಮನೆಯ ಮಾವ ಬೇಲಿಯಾಚೆಯಿಂದ ನೋಡುತ್ತಿದ್ದರು.

"ಎಂತ ಮಾರಾಯ, ಚೈನಿಗೆ ಪಾಯಸವಾ?"

"ಮೇಣ ಮಾವ, ಧೂಳು ಹಿಡಿಯಬಾರದು ಅಂತ."

"ನಾವೆಲ್ಲ ತೆಂಗಿನೆಣ್ಣೆ ಹಾಕಿಯೇ ಓಡಿಸಿದ್ದಲ್ವಾ? ಸುಮ್ನೆ ಗ್ಯಾಸು ಖರ್ಚು."

ಮಾರ್ಚ್ 4

ಸೆಟೆದ ಕೊಂಡಿಗಳನ್ನು ಒಂದೊಂದಾಗಿ ಮಡಚಿ ಸಡಿಲ ಮಾಡಬೇಕಿತ್ತು. ಹಾಗೇ ಹಾಕಿ ಹೊರಟೆ. ಮೊದಲ ಎರಡು ಕಿಲೋಮೀಟರ್ ಗೇರು ಹೇಳಿದ ಮಾತು ಕೇಳಲಿಲ್ಲ. ಮೇಣದ ಹೊಟ್ಟು ಉದುರಿದ ಮೇಲೆ ಸರಿಯಾಯಿತು. ಈಗ ಸದ್ದೇ ಇಲ್ಲ. ಬೆರಳಿನಿಂದ ಮುಟ್ಟಿದರೆ ಬೆರಳು ಕಪ್ಪಾಗುವುದಿಲ್ಲ, ಇದೊಂದು ಸುಖ.

ಏಪ್ರಿಲ್ 13

ಹೆದ್ದಾರಿ 66ರ ಕೆಲಸದ ಧೂಳು, ಕಲ್ಲಿನ ಲಾರಿಗಳ ಧೂಳು ಎಲ್ಲ ಮೈಮೇಲೆ. ಆದರೆ ಚೈನು ಒಣಬಟ್ಟೆಯಲ್ಲಿ ಒರೆಸಿದರೆ ಶುಚಿ. 250ರಿಂದ 300 ಕಿಲೋಮೀಟರ್ ಆಗುವಾಗ ಕಿರಕಿರ ಶುರುವಾಗುತ್ತದೆ, ಆಗ ಮತ್ತೆ ಮುಳುಗಿಸುವುದು. ಎರಡನೇ ಸಲದಿಂದ ಚಿಮಿಣಿ ಎಣ್ಣೆ ಬೇಡ. ಕುದಿನೀರು ಸುರಿದು ಹಳೆ ಮೇಣ ಕರಗಿಸಿ, ಚೆನ್ನಾಗಿ ಒಣಗಿಸಿದರೆ ಸಾಕು.

ಕಳೆದ ಭಾನುವಾರ ಬೇಕಲ ಕೋಟೆಗೆ ಹೋಗಿ ಸೈಕಲ್ಲನ್ನು ಕಡಲ ಬದಿಯಲ್ಲಿ ಎರಡು ಗಂಟೆ ನಿಲ್ಲಿಸಿದ್ದೆ. ಮರುದಿನ ಚೈನಿನ ಹೊರಗಿನ ಪಟ್ಟಿಗಳ ಅಂಚಿನಲ್ಲಿ ಕಿತ್ತಳೆ ಚುಕ್ಕೆ. ಉಪ್ಪುಗಾಳಿಗೆ ಮೇಣ ಅಷ್ಟೇನೂ ಆಸರೆ ಅಲ್ಲ. ಕಡಲ ಕಡೆ ಹೋಗಿ ಬಂದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸಬೇಕು.

ಮೇ 25

ಪತ್ತನಾಜೆಗೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ, ಹತ್ತು ಹನಿಯಾದರೂ ಬೀಳಬೇಕು ಅಂತ ನಮ್ಮಲ್ಲಿ ಮಾತು. ಈ ಸಲ ಹನಿ ಅಲ್ಲ, ಮಳೆಗಾಲವೇ ಬಂತು. ಜೂನ್ 1ಕ್ಕೆ ಬರುವ ಮುಂಗಾರು ನಿನ್ನೆಯೇ, ಮೇ 24ಕ್ಕೇ, ಕೇರಳಕ್ಕೆ ಬಂದಿದೆ. ಕುಂಬಳೆಯಿಂದ ಬರುವಾಗ ಪೂರ್ತಿ ಚಂಡಿ, ಮೈಯೆಲ್ಲ ಒದ್ದೆ. ಆಯಾಸದಲ್ಲಿ ಸೈಕಲ್ಲನ್ನು ಹಾಗೇ ಚಾವಡಿಗೆ ಒರಗಿಸಿ ಮಲಗಿದೆ. ಇವತ್ತು ಬೆಳಿಗ್ಗೆ ನೋಡಿದರೆ ಚೈನು ಪೂರ್ತಿ ಕೆಂಪು. ಒಂದೇ ರಾತ್ರಿ.

ಮೇಣದ ಕಾಲ ಮುಗಿಯಿತು. 1,640 ಕಿಲೋಮೀಟರ್, ಆರು ಸಲ ಮುಳುಗಿಸಿದ್ದು. ಸ್ಕೇಲಿನಲ್ಲಿ 305 ದಾಟಿದ್ದೂ ಕಾಣಲಿಲ್ಲ.

ಜೂನ್ 8

ಈಗ ವೆಟ್ ಲೂಬ್. ಎಣ್ಣೆಯೇ, ಆದರೆ ಅಂಟು ಜಾಸ್ತಿ, ನೀರಿಗೆ ಬೇಗ ಬಿಟ್ಟುಕೊಡುವುದಿಲ್ಲ. ಚೈನನ್ನು ಮತ್ತೆ ತೊಳೆದು ಒಣಗಿಸಿ, ಕ್ವಿಕ್ ಲಿಂಕ್, ಅಂದರೆ ಚೈನು ಬಿಚ್ಚಿ ಜೋಡಿಸುವ ಕೊಂಡಿ, ಇರುವಲ್ಲಿಂದ ಶುರು ಮಾಡಿದೆ. ಸುತ್ತು ಮುಗಿದದ್ದು ಗೊತ್ತಾಗಲಿಕ್ಕೆ ಅದೇ ಗುರುತು. ಕೆಳಗಿನ ಸಾಲಿನಲ್ಲಿ, ಒಳಮಗ್ಗುಲಿಗೆ, ಒಂದು ರೋಲರಿಗೆ ಒಂದೇ ಹನಿ. ರೋಲರಿನ ನಡುವೆ ಅಲ್ಲ, ರೋಲರಿಗೂ ಪಟ್ಟಿಗೂ ಇರುವ ಸೀಳಿನ ಮೇಲೆ ಬೀಳುವ ಹಾಗೆ. ನನ್ನ ಚೈನಿಗೆ 114 ಹನಿ. ಬೇಸರ ಬರುತ್ತದೆ, ರೇಡಿಯೋ ಹಚ್ಚಿಕೊಳ್ಳಿ. ಆಮೇಲೆ ಪೆಡಲನ್ನು ಹಿಂದಕ್ಕೆ ಅರ್ಧ ನಿಮಿಷ ತಿರುಗಿಸಿ, ರಾತ್ರಿ ಹಾಗೇ ಬಿಟ್ಟೆ.

ಬಾಟಲಿ ಎತ್ತುವಾಗ ಎರಡು ಹನಿ ಹಿಂದಿನ ಬ್ರೇಕಿನ ಡಿಸ್ಕಿಗೆ ಬಿತ್ತು. ಕಂಡಿತು, ಒರೆಸಿದೆ, ಸಾಕು ಅಂದುಕೊಂಡೆ. ಸೀತಾಂಗೋಳಿ ಇಳಿಜಾರಿನಲ್ಲಿ ಬ್ರೇಕು ಹಂದಿ ಕಿರುಚಿದ ಹಾಗೆ ಕಿರುಚಿತು, ಹಿಡಿಯಲೂ ಇಲ್ಲ. ಡಿಸ್ಕನ್ನು ಸ್ಪಿರಿಟಿನಲ್ಲಿ ಒರೆಸಿ ಪ್ಯಾಡ್ ಬದಲಿಸಬೇಕಾಯಿತು. ಈಗ ಎಣ್ಣೆ ಹಾಕುವಾಗ ಡಿಸ್ಕಿಗೆ ಹಳೆ ಬೈರಾಸು ಸುತ್ತುತ್ತೇನೆ.

ಜೂನ್ 29

ಮೂರು ವಾರ. ತುಕ್ಕು ಇಲ್ಲ, ಸದ್ದಿಲ್ಲ. ಆದರೆ ಚೈನು ಮಸಿ ಮುದ್ದೆ. ಪ್ಯಾಂಟಿನ ಬಲಗಾಲು ನೋಡಿ ಮನೆಯಲ್ಲಿ ಬೈಗುಳ. ತಪ್ಪು ಎಣ್ಣೆಯದ್ದಲ್ಲ. ಎಣ್ಣೆ ಹಾಕಿದ ಮರುದಿನ ಬೆಳಿಗ್ಗೆ ಎದ್ದು ಒರೆಸಬೇಕಿತ್ತಲ್ಲ, ಅದನ್ನು ಎರಡು ಸಲ ಬಿಟ್ಟಿದ್ದೆ. ಹೊರಗೆ ಉಳಿದ ಎಣ್ಣೆಗೆ ಕೆಲಸ ಏನೂ ಇಲ್ಲ, ಮಣ್ಣು ಹಿಡಿಯುವುದೊಂದೇ.

ಇವತ್ತು ಹಳೆ ಬನಿಯನ್ನಿನಲ್ಲಿ ಚೈನನ್ನು ಮುಷ್ಟಿಯೊಳಗೆ ಹಿಡಿದು ಪೆಡಲ್ ತಿರುಗಿಸಿದೆ. ಬಟ್ಟೆಯ ಜಾಗ ಬದಲಿಸಿ ಮತ್ತೆ, ಮತ್ತೆ. ಬಟ್ಟೆಗೆ ತೆಳು ಬೂದು ಬಣ್ಣ ಮಾತ್ರ ಹತ್ತುವವರೆಗೆ. ಎಣ್ಣೆ ಎಲ್ಲ ಹೋಯಿತೋ ಅಂತ ಹೆದರಿಕೆ ಬೇಡ, ರೋಲರಿನ ಒಳಗಿನದ್ದು ಒಳಗೇ ಇರುತ್ತದೆ. ಬಟ್ಟೆಯೊಳಗೆ ಬೆರಳನ್ನು ಹಲ್ಲುಚಕ್ರದ ಹತ್ತಿರ ಒಯ್ಯಬೇಡಿ.

ಜುಲೈ 20

ಆಟಿ ತಿಂಗಳ ಮಳೆ. ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ಮಗಳ ಸೈಕಲ್ಲಿನ ಮೇಲೆ ಪ್ರಯೋಗ. ಮಾವನ ಮಾತಿಗೆ ಮರ್ಯಾದೆ ಕೊಟ್ಟು ಹದಿನೈದು ದಿನ ತೆಂಗಿನೆಣ್ಣೆ ಹಾಕಿದೆ. ತೆಳು, ಎರಡು ಮಳೆಗೆ ತೊಳೆದು ಹೋಯಿತು. ಧನುರ್ಮಾಸದ ಬೆಳಿಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಅದು. ದೋಸೆಕಲ್ಲಿಗೆ ಇರಲಿ.

ಆಮೇಲೆ ಮರ ಕುಯ್ಯುವ ಮೆಷಿನಿನ ಬಾರ್ ಆಯಿಲ್ ಹಾಕಿದೆ. ಆ ಚೈನು ತಿರುಗುವ ವೇಗಕ್ಕೆ ಎಣ್ಣೆ ಸಿಡಿದು ಹೋಗಬಾರದು ಅಂತ ಅದರಲ್ಲಿ ಅಂಟು ಸೇರಿಸಿರುತ್ತಾರೆ. ಮಳೆಗೆ ಇದು ನಿಜಕ್ಕೂ ನಿಂತಿತು. ಬೆರಳಿಗೆ ಹಚ್ಚಿ ಬಿಡಿಸಿದರೆ ನೂಲಿನ ಹಾಗೆ ಎಳೆ ಬರುತ್ತದೆ. ತೋಟ ಇದ್ದವರ ಮನೆಯಲ್ಲಿ ಹೇಗೂ ಒಂದು ಕ್ಯಾನು ಇರುತ್ತದಲ್ಲ. ಆದರೆ ಬಿಸಿಲು ಬಂದ ಎರಡೇ ದಿನಕ್ಕೆ ಧೂಳು ಮೆತ್ತಿತು. ಮಳೆಗಾಲಕ್ಕೆ ಮಾತ್ರ ಸೈ.

ತುಕ್ಕು ಬಿಡಿಸುವ ಸ್ಪ್ರೇಯನ್ನೇ ಚೈನಿಗೆ ಹೊಡೆಯುವವರು ಬಹಳ ಜನ. ನೀರು ಓಡಿಸಲಿಕ್ಕೆ ಒಳ್ಳೆಯದು. ಅದರ ಮೇಲೆ ಎಣ್ಣೆ ಹಾಕದೆ ಹೋದರೆ ನಾಲ್ಕು ದಿನದಲ್ಲಿ ಚೈನು ಹಾಡುತ್ತದೆ.

ಆಗಸ್ಟ್ 17

2,790 ಕಿಲೋಮೀಟರ್. ಸ್ಕೇಲಿನಲ್ಲಿ 306ಕ್ಕೆ ಸ್ವಲ್ಪ ಕಡಿಮೆ. ಅಂದರೆ 1 ಮಿಲಿಮೀಟರ್ ಸವೆದಿದೆ, ಮುಕ್ಕಾಲು ಪಾಲು ಈ ಮೂರು ತಿಂಗಳಲ್ಲಿ. ಬದಲಿಸಬೇಕಾದ ಗೆರೆ 307ರ ಹತ್ತಿರ. ಈಗ ಮಳೆಯಲ್ಲಿ ನೆನೆದು ಬಂದ ದಿನ ಬನಿಯನ್ನಿನಲ್ಲಿ ಒರೆಸುವುದು, ಶನಿವಾರ ರಾತ್ರಿ 114 ಹನಿ, ಭಾನುವಾರ ಬೆಳಿಗ್ಗೆ ಮತ್ತೆ ಒರೆಸುವುದು.

ಮಳೆ ಬಿಟ್ಟ ಮೇಲೆ ಮತ್ತೆ ಮೇಣ. ಅದಕ್ಕೆ ಈ ಎಣ್ಣೆಯೆಲ್ಲ ಪೂರ್ತಿ ತೆಗೆಯಬೇಕು. ಕ್ಯಾನಿನಲ್ಲಿ ಚಿಮಿಣಿ ಎಣ್ಣೆ ಎರಡು ಲೀಟರ್ ಉಳಿದಿದೆ, ಥಿನ್ನರ್ ತರಬೇಕು.